ಸುಭದ್ರಾಬಾಯಿಯ ಖಾಲಿ ಬಲೂನು

ಜನವರಿ 6, 2025, ಸೋಮವಾರ

ಬರೆದಿಡಲು ಇಲಾಖೆಯ ಹಳೆಯ ಫೀಲ್ಡ್ ಬುಕ್ಕೇ ಸಾಕು. ಭೂಮಾಪನ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ನಕ್ಷೆ ಎಳೆದವನ ಮನೆಯಲ್ಲಿ ಇಂಥವು ನಾಲ್ಕಾರು ಉಳಿದಿರುವುದು ಸಹಜ. ಎಡಗಡೆ ಅಳತೆ, ಬಲಗಡೆ ಷರಾ. ನನ್ನ ಬಳಿ ಈಗ ಅಳತೆ ಏನೂ ಇಲ್ಲ. ಷರಾ ಬೇಕಾದಷ್ಟಿದೆ.

ಬೆಳಿಗ್ಗೆ ರತ್ನದೀಪ ಬಂದಿದ್ದ. ನಮ್ಮೂರ ಅಂಚಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆಫ್‌ಸೆಟ್ ಪ್ರೆಸ್ ಇಟ್ಟವನು.

"ಜೈ ಭೀಮ ಸರ. ನಿಮ್ಮ 'ಮಾಣಿಕರಾವನ ಮನಿ' ಓದಿ ದೊಡ್ಡವ ಆಗೀನಿ. ಅದು ಬುಕ್ ಮಾಡಾಮ್ರಿ."

ಓದಿ ದೊಡ್ಡವನಾದವನ ತಲೆ ಪೂರಾ ಬೋಳು. ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ನನ್ನ ತಲೆಯಲ್ಲೇ ಹೆಚ್ಚು ಕೂದಲಿದೆ. ಇರಲಿ. ಇಪ್ಪತ್ತೆರಡು ವರ್ಷ ವಾರಪತ್ರಿಕೆಯ ಹಿಂಬದಿಯಲ್ಲಿ ಬಿದ್ದಿದ್ದ ನನ್ನ ಕಾಮಿಕ್‌ಗೆ ಪುಸ್ತಕವಾಗುವ ಯೋಗ ಬಂತು. ವಾರಕ್ಕೊಂದು ಪುಟದಂತೆ ಸಾವಿರದ ನೂರಕ್ಕೂ ಮೇಲೆ ಬರೆದಿದ್ದೆ. ಗೆದ್ದಲು ಬಿಟ್ಟದ್ದು ಎಂಬತ್ನಾಲ್ಕು. ಪತ್ರಿಕೆಯ ಕಚೇರಿಯಲ್ಲೂ ಹಳೆಯ ಸಂಚಿಕೆ ಇಲ್ಲ. ಗೆದ್ದಲಿಗೆ ಅಭಿರುಚಿ ಇಲ್ಲ ಎನ್ನುವಂತಿಲ್ಲ, ಆರಿಸಿ ಆರಿಸಿ ಒಳ್ಳೆಯವನ್ನೇ ತಿಂದಿದೆ.

"ಹದಿನಾರು ಪುಟಕ್ಕ ಒಂದು ಫಾರ್ಮು ಸರ. ಆರು ಫಾರ್ಮಿಗಿ ತೊಂಬತ್ತಾರು. ನಿಮ್ಮಲ್ಲಿ ಎಂಬತ್ನಾಕು ಅವ. ಹನ್ನೆರಡು ಹೊಸಾವು ಬರೀಬೇಕು."

"ಖಾಲಿ ಬಿಡಪ್ಪ."

"ಖಾಲಿ ಬಿಟ್ರ ಮಂದಿ ಅದರಾಗ ಮೊಬೈಲ್ ನಂಬರ ಬರಕೋತಾರ್ರಿ. ಫೆಬ್ರವರಿ ಹದಿನೈದಕ್ಕ ಎಲ್ಲಾ ನನ್ನ ಟೇಬಲ್ ಮ್ಯಾಲ ಇರಬೇಕು. ಹದಿನಾರರಿಂದ ಮಷೀನ ಲಗ್ನಪತ್ರಿಕಿಗಿ ಹೋಗ್ತದ. ಯುಗಾದಿ ತನಕಾ ನಮ್ಮಪ್ಪ ಬಂದ್ರೂ ಖಾಲಿ ಇರಾಂಗಿಲ್ಲ."

ಹನ್ನೆರಡು ಪುಟ ಏನು ಮಹಾ. ಎರಡು ವರ್ಷದ ಹಿಂದೆ ನಾನು ಬರೆಯುವುದನ್ನು ನಿಲ್ಲಿಸಿದ್ದು ಮಣಿಕಟ್ಟು ನೋವಿನಿಂದ. ಹೆಂಡತಿ ವಿಮಲಾಬಾಯಿ ತೀರಿಕೊಂಡದ್ದೂ ಆಗಲೇ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಣಿಕಟ್ಟು ಮಣಿಕಟ್ಟೇ.

ಮಧ್ಯಾಹ್ನ ಹಳೆಯ ಪುಟ ತಿದ್ದಲು ಕುಳಿತೆ. 2003ರ ಒಂದರಲ್ಲಿ ಎಸ್ಟಿಡಿ ಬೂತ್ ಇದೆ. ಈಗಿನವರಿಗೆ ತಿಳಿಯದೆಂದು ಅದನ್ನು ಅಳಿಸಿ ಮಾಣಿಕರಾವನ ಕೈಗೆ ಮೊಬೈಲ್ ಕೊಟ್ಟೆ. ಹೊರಗೆ ಸಾಲಿನಲ್ಲಿ ನಿಂತ ಐದು ಜನ ಯಾತಕ್ಕೆ ನಿಂತಿದ್ದಾರೆಂದು ಈಗ ಯಾರಿಗೂ ಗೊತ್ತಿಲ್ಲ. ಅವರಿಗೂ. ಮತ್ತೆ ಬೂತ್ ಕಟ್ಟಿಕೊಟ್ಟೆ.

ಜನವರಿ 9, ಗುರುವಾರ

ಮೊದಲ ಹೊಸ ಪುಟ ಬರೆದೆ. ಮಾಣಿಕರಾವ ಜನವರಿಯ ಚಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೂಲರ್ ಹೊತ್ತು ತರುತ್ತಾನೆ, ಈಗ ಅಗ್ಗವೆಂದು. ಹೆಂಡತಿ ಸುಭದ್ರಾಬಾಯಿ ನೋಡುತ್ತಾಳೆ. ಕೂಲರ್ ಬಹಳ ಚೆನ್ನಾಗಿ ಬಂದಿದೆ, ಹುಲ್ಲಿನ ಜಾಳಿಗೆ ಸಮೇತ. ಸುಭದ್ರಾಬಾಯಿಯ ಬಾಯಿಂದ ಹೊರಡುವ ಮಾತಿನ ಬಲೂನು ಮಾತ್ರ ಖಾಲಿ ಇದೆ.

ಅದು ನನ್ನ ಪದ್ಧತಿ. ಬುಧವಾರ ಚಿತ್ರ ಮುಗಿಸಿ, ಮಾಣಿಕರಾವನ ಮಾತು ತುಂಬಿ, ಸುಭದ್ರಾಬಾಯಿಯದನ್ನು ಖಾಲಿ ಬಿಡುವುದು. ಗುರುವಾರ ಬೆಳಿಗ್ಗೆ ಹಲಗೆಯನ್ನು ವಿಮಲಾಬಾಯಿಯ ಮುಂದೆ ಹಿಡಿಯುವುದು. ಆಕೆ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತ, ತಲೆ ಕೂಡ ಎತ್ತದೆ, ಏನೋ ಒಂದು ಅನ್ನುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ. ಇನ್ ಅದರ್ ವರ್ಡ್ಸ್, ಅದು ಕ್ಲರಿಕಲ್ ವರ್ಕ್. ಕಥೆ, ಪಾತ್ರ, ಗೆರೆ, ನೆರಳು ಎಲ್ಲ ನನ್ನದೇ.

ಬಲೂನು ನಾಳೆ ತುಂಬಿದರಾಯಿತು.

ಜನವರಿ 10, ಶುಕ್ರವಾರ

ಆಗಲಿಲ್ಲ. ಪಕ್ಕದ ಮನೆಯ ಜಹೀರೋದ್ದೀನ ಇಡೀ ದಿನ ಟಕಟಕ ಬಡಿಯುತ್ತಿದ್ದರು. ಬಿದರಿ ಹೂಜಿಗೆ ಬೆಳ್ಳಿ ತಂತಿ ಕೂರಿಸುವವರಿಗೆ ಸಾಹಿತ್ಯದ ಕಷ್ಟ ಏನು ಗೊತ್ತು. ಬಾಗಿಲು ಹಾಕಿಕೊಂಡೆ. ಬ್ರೆಡ್ ತಿಂದೆ.

ಜನವರಿ 16, ಗುರುವಾರ

ಹನ್ನೆರಡೂ ಪುಟದ ಚಿತ್ರ ಆಯಿತು! ಮಣಿಕಟ್ಟು ಹೂವಿನಂತೆ ತಿರುಗುತ್ತಿದೆ. ಮಾಣಿಕರಾವ ಯೋಗಕ್ಕೆ ಸೇರುವುದು, ಮಾಣಿಕರಾವ ಬೌದ್ಧ ವಿಹಾರದ ಕಮಿಟಿಗೆ ಅಧ್ಯಕ್ಷನಾಗಲು ಹೊರಡುವುದು, ಮಾಣಿಕರಾವ ಲಗ್ನದಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬರುವುದು. ಖಾಲಿ ಬಲೂನು ಒಟ್ಟು ಮೂವತ್ತೇಳು.

ಊಟ ಮುಗಿಸಿ ಒಂದೇ ಪಟ್ಟಿಗೆ ಮೂವತ್ತೇಳನ್ನೂ ತುಂಬಿದೆ, ಇಂಡಿಯನ್ ಇಂಕಿನಲ್ಲಿ. ನೋ ಸೂನರ್ ಡಿಡ್ ಐ ಸಿಟ್ ದ್ಯಾನ್ ಮಾತು ಬಂತು. ಕೂಲರ್ ನೋಡಿ ಸುಭದ್ರಾಬಾಯಿ ಅನ್ನುತ್ತಾಳೆ: "ನಿಮ್ಮ ದೂರದೃಷ್ಟಿ ಮೆಚ್ಚತಕ್ಕದ್ದು." ಯೋಗದ ಪುಟದಲ್ಲಿ: "ಈ ವಯಸ್ಸಿನಲ್ಲೂ ತಮ್ಮ ಉತ್ಸಾಹ ಕುಂದಿಲ್ಲ." ಹಳೆಯ ಪುಟಗಳಲ್ಲಿ ಬರೀ ಕಚ್ಚಾಡುತ್ತಿದ್ದ ಹೆಂಗಸು ಈಗ ಪಕ್ವವಾಗಿದ್ದಾಳೆ. ಇದಕ್ಕೆ ಕ್ಯಾರೆಕ್ಟರ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಕಾಲೇಜಿನಲ್ಲಿ ಇಂಗ್ಲಿಷ್ ಸರ್ ಇಡೀ ಒಂದು ಪೀರಿಯಡ್ ಇದನ್ನೇ ಹೇಳಿದ್ದರು. ಅರ್ಧ ನಿದ್ದೆಯಲ್ಲಿ ಕೇಳಿದ್ದು ನಲವತ್ತೈದು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ಜನವರಿ 19, ರವಿವಾರ

ಮಗಳು ಪ್ರಣಾಲಿ ಔರಾದಿನಿಂದ ಬಂದಿದ್ದಳು. ಚಿಂತಾಕಿಯ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಎಲ್ಲದಕ್ಕೂ ಪುರಾವೆ ಕೇಳುವ ಚಟ. ಹೊಸ ಪುಟಗಳನ್ನು ಕೊಟ್ಟು ಮುಖ ನೋಡುತ್ತ ಕುಳಿತೆ. ಮೂರನೆಯ ಪುಟಕ್ಕೆ ನಕ್ಕಳು. ಆದರೆ ಅಲ್ಲಿ ನಗುವಂಥದ್ದೇನೂ ಇರಲಿಲ್ಲ.

"ಅಪ್ಪಾ, ಸುಭದ್ರಾಬಾಯಿ ಗಂಡನಿಗಿ ಸನ್ಮಾನ ಮಾಡ್ಲತ್ತಾಳೇನು? ಶಾಲು ಹಾರ ಅಷ್ಟೇ ಕಡಿಮಿ ಬಿದ್ದದ."

"ಪಾತ್ರ ಬೆಳದದವ್ವ."

"ಬೆಳದಿಲ್ಲ, ಬ್ಯಾರೆಯಾಕಿನೇ ಬಂದಾಳ. ಅವ್ವ ಎಂದಾದ್ರೂ ನಿಮಗ 'ಮೆಚ್ಚತಕ್ಕದ್ದು' ಅಂದಿದ್ದಳೇನು? 'ನುಂಗತಕ್ಕದ್ದು' ಅನ್ನಾಕಿ ಆಕಿ."

ನನಗೆ ಸಿಟ್ಟು ಬಂತು. ಇದು ಕಲೆ, ಇಲ್ಲಿ ನಿನ್ನ ಅವ್ವನ ಮಾತೇಕೆ ಬಂತು, ಸುಭದ್ರಾಬಾಯಿ ನನ್ನ ಕಲ್ಪನೆ ಎಂದೆ. ಅವಳು ಅಡುಗೆಮನೆಗೆ ಹೋಗಿ ಬ್ರೆಡ್ಡಿನ ಖಾಲಿ ಪೊಟ್ಟಣಗಳನ್ನು ಎತ್ತತೊಡಗಿದಳು. ಹತ್ತೊಂಬತ್ತು ಎಂದು ಜೋರಾಗಿಯೇ ಹೇಳಿದಳು. ಇವಳಿಗೆ ಎಣಿಸಲು ಕಲಿಸಿದವನೂ ನಾನೇ.

ಅವಳು ಹೋದ ಮೇಲೆ ಇನ್ನೊಮ್ಮೆ ಓದಿದೆ. ಮೂವತ್ತೇಳು ಬಲೂನಿನ ಮೇಲೂ ಬಿಳಿ ಕಾಗದ ಕತ್ತರಿಸಿ ಅಂಟಿಸಿದೆ. ಸುಭದ್ರಾಬಾಯಿ ಮತ್ತೆ ಬಾಯಿ ಮುಚ್ಚಿದಳು.

ಜನವರಿ 23, ಗುರುವಾರ

ಜಹೀರೋದ್ದೀನರ ಹೆಂಡತಿ ಬದರುನ್ನಿಸಾ ಗೋಡೆಯ ಮೇಲಿಂದ ಬಟ್ಟಲು ದಾಟಿಸಿದರು. ಖಿಚಡಿ, ಮೇಲೆ ಹುಣಸೆಯ ಖಟ್ಟಾ. ಬಟ್ಟಲು ವಾಪಸು ಕೊಡುವ ನೆಪದಲ್ಲಿ ಕೂಲರ್ ಪುಟ ತೋರಿಸಿದೆ. ಸುಮ್ಮನೆ, ಸಾಮಾನ್ಯ ಓದುಗರ ಅಭಿಪ್ರಾಯ ತಿಳಿಯಲೆಂದು. ಚಷ್ಮಾ ಹಾಕಿಕೊಂಡು ನೋಡಿದರು.

"ಈ ಖಾಲಿ ಜಾಗಾದಾಗ ಏನು ಭಾಯಿಸಾಬ?"

"ಆಕಿ ಏನರ ಅನ್ನಬೇಕು. ನೀವಾದ್ರ ಏನಂತೀರಿ?"

ಎರಡು ಸೆಕೆಂಡು ಕೂಡ ತೆಗೆದುಕೊಳ್ಳಲಿಲ್ಲ. "'ಲಾಯೇ ತೋ ಲಾಯೇ, ತಂದಿದ್ದು ತಂದ್ರಿ, ನೀವೇ ಅದರ ಒಳಗ ಕುಂದರ್ರಿ. ಮನ್ಯಾಗಿನ ಬಿಸಿ ಕಮ್ಮಿ ಆಗ್ತದ' ಅಂತೀನಿ. ಅಂದೇ ಅಂದೀನಿ. ಹೋದ ವರ್ಷ ನಮ್ಮವರು ತಂದಾಗ."

ನಾನು ನಕ್ಕೆ. ಜೋರಾಗಿ ನಕ್ಕೆನೆಂದು ಕಾಣುತ್ತದೆ, ಪಕ್ಕದಲ್ಲಿ ಟಕಟಕ ನಿಂತಿತು. ಬರೆದುಕೊಂಡೆ. ಒಂದು ಬಲೂನು ಆಯಿತು.

ಜನವರಿ 24, ಶುಕ್ರವಾರ

ಆಗಲಿಲ್ಲ. ಬೆಳಿಗ್ಗೆಯೇ ಜಹೀರೋದ್ದೀನ ಬಂದು, ಕಪ್ಪು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

"ಪಂಢರಿ ಭಾಯಿ, ಒಂದು ಅರ್ಜ್ ಅದ. ಆ ಕೂಲರ್ ಮಾತು ಛಾಪಸಬ್ಯಾಡ್ರಿ."

"ಅದು ಮಾಣಿಕರಾವನ ಕೂಲರ್ ಅಲ್ರಿ?"

"ನಾಮ ಅವಂದು, ಇಜ್ಜತ ನಂದು. ಭಾಭಿ ಇದ್ದಾಗ ಭೀ ಹಿಂಗೇ ಆಯಿತು. ನಮ್ಮ ಮನ್ಯಾಗ ಝಗಡಾ ಸೋಮವಾರ, ನಿಮ್ಮ ಪೇಪರನ್ಯಾಗ ಶನಿವಾರ. ಗಲ್ಲಿ ಮಂದಿ ಓದಿ ನನ್ನ ಕಡಿ ನೋಡಿ ನಗೋದು. ಬೀಸ ಸಾಲ, ಇಪ್ಪತ್ತು ವರ್ಷ, ನಾನೇ ಮಾಣಿಕರಾವ ಆಗೀನಿ, ಭಾಯಿ."

ಮಾಣಿಕರಾವ ನಾನು ಎಂದು ತಿಳಿದಿದ್ದೆ. ಅಂದರೆ ನನ್ನ ಕಲ್ಪನೆ ಎಂದು. ಗೋಡೆಯ ಆಚೆ ಬದರುನ್ನಿಸಾ ನಗುತ್ತಿದ್ದರು. ವಿಮಲಾಬಾಯಿ ಮತ್ತು ಅವರು ಪ್ರತಿ ಸೋಮವಾರ ಅದೇ ಗೋಡೆಗೆ ಒರಗಿ ಮಾತಾಡುತ್ತಿದ್ದದ್ದು ನಿಜ. ನಾನು ಅದನ್ನು ಹೆಂಗಸರ ಹರಟೆ ಎಂದುಕೊಂಡಿದ್ದೆ.

ಬಲೂನಿನ ಮೇಲೆ ಮತ್ತೆ ಬಿಳಿ ಕಾಗದ ಅಂಟಿಸಿದೆ. ಈ ಪುಟ ಈಗ ಮೂರು ಪದರ ದಪ್ಪವಾಗಿದೆ.

ಜನವರಿ 30, ಗುರುವಾರ

ಭಾಲ್ಕಿಗೆ ಹೋಗಿ ಬಂದೆ. ವಿಮಲಾಬಾಯಿಯ ತಂಗಿ ಜಿಜಾಬಾಯಿ ಅಲ್ಲಿರುತ್ತಾಳೆ, ನಾನು ಅವಳಿಗೆ ದಾಜಿ, ಅಂದರೆ ಭಾವ. ವರ್ಷದ ಮೇಲೆ ಹೋಗಿದ್ದೆ, ಬಾಗಿಲಲ್ಲೇ ಶುರು ಮಾಡಿದಳು.

"ಬರ್ರಿ ದಾಜಿ. ದಾರಿ ತಪ್ಪಿ ಬಂದೀರೋ, ಬಸ್ ತಪ್ಪಿ ಬಂದೀರೋ?"

ಜಹೀರೋದ್ದೀನರ ದೂರನ್ನು ನಗೆಮಾತಾಗಿ ಹೇಳಿದೆ. ಅವಳು ನಗಲಿಲ್ಲ. ಚಹಾದ ಬಸಿ ಕೆಳಗಿಟ್ಟಳು.

"ನಿಮಗ ಗೊತ್ತೇ ಇಲ್ಲೇನ್ರಿ? ಬುಧವಾರ ನೀವು ಉಂಡು ಮಲಗಿದ ಮ್ಯಾಲ ಅಕ್ಕ ಫೋನ್ ಹಚ್ಚತಿದ್ಲು. ಚಿತ್ರ ನೋಡಿ ಹೇಳ್ತಿದ್ಲು, ಹಿಂಗ ಹಿಂಗ ಬರದಾರ, ನಾ ಏನ ಅನ್ನಲಿ ಅಂತ. ಮೂರು ಮಾತು ಗೋಡಿ ಆಚಿನ ಬದರುನ್ನಿಸಾದು, ಎರಡು ನಂದು, ಆಕಿಂದು ಒಂದು. ಯಾವದು ಛೊಲೊ ಅಂತ ತಾಸುಗಟ್ಲೆ ಜಗಳ. ಕಡಿಗಿ ಆಕಿ ಎಲ್ಲಾ ಮುರದು ತನ್ನದೇ ಒಂದು ಕಟ್ಟತಿದ್ಲು. ಮುಂಜಾನಿ ನಿಮ್ಮ ಮುಂದ ಬ್ಯಾಳಿ ಆರಿಸ್ಕೋತ, ಈಗೇ ಬಾಯಿಗಿ ಬಂತು ಅನ್ನೋಹಾಂಗ ಅನ್ನಾಕಿ."

ಇಪ್ಪತ್ತೆರಡು ವರ್ಷ ರಿಹರ್ಸಲ್! ನನ್ನ ಮನೆಯಲ್ಲಿ, ನನ್ನ ನಿದ್ದೆಯ ಹೊತ್ತಿನಲ್ಲಿ! ಇದಕ್ಕೆ ಡ್ರಮಾಟಿಕ್ ಐರನಿ ಎನ್ನುತ್ತಾರೆ. ಎಲ್ಲರಿಗೂ ಗೊತ್ತಿದ್ದು ಹೀರೋಗೆ ಮಾತ್ರ ಗೊತ್ತಿಲ್ಲದಿರುವುದು. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬಂದಿತ್ತು, ನಾಲ್ಕು ಸಿಕ್ಕಿತ್ತು.

"ನನಗ ಯಾಕ ಹೇಳಲಿಲ್ಲ ಆಕಿ?"

"ಹೇಳಿದ್ರ ನೀವು ತಿದ್ದತಿದ್ರಿ."

ಹಾಗಾದರೆ ಈ ಹನ್ನೆರಡನ್ನು ನೀನೇ ತುಂಬವ್ವ ಎಂದು ಪುಟಗಳನ್ನು ಕೊಟ್ಟೆ. ಒಂದೊಂದಾಗಿ ತಿರುವಿದಳು. ಕೊನೆಯದು ಮುಗಿಸಿ ಮತ್ತೆ ಮೊದಲಿಂದ ತಿರುವಿದಳು.

"ದಾಜಿ, ಇಕಿ ಎಲ್ಲಾದರಾಗೂ ಕುಂತೇ ಇದ್ದಾಳ್ರಿ."

ನೋಡಿದೆ. ಹನ್ನೆರಡರಲ್ಲೂ ಸುಭದ್ರಾಬಾಯಿ ಗೋಡೆಗೆ ಒರಗಿ ಕುಳಿತಿದ್ದಾಳೆ. ಶಾಲು ಕಿವಿ ಮುಚ್ಚುವಂತೆ ಹೊದ್ದಿದ್ದಾಳೆ. ಕೈ ಮಡಿಲಲ್ಲಿ.

"ಅದು ಕಂಪೋಸಿಷನ್. ಆ ಮೂಲ್ಯಾಗ ತೂಕ ಬೇಕು ಚಿತ್ರಕ್ಕ."

"ಇದು ಅಕ್ಕನ ಕಡೀ ಆರು ತಿಂಗಳದ್ದು. ಮಣಿಕಟ್ಟು ನೋಡ್ರಿ, ಕಡ್ಡಿ ಆಗ್ಯಾವ. ಇಕಿ ಬಾಯಾಗ ನಾ ಏನ ಮಾತು ಹಾಕಲಿ? ನೀರ ಬೇಕು ಅಂದಾಳು, ಅಷ್ಟೇ."

ಬಸ್ಸಿನಲ್ಲಿ ಪುಟಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಕಾರಂಜಾ ಹೊಳೆ ದಾಟಿದ್ದು ಗೊತ್ತಾಗಲಿಲ್ಲ.

ಜನವರಿ 31, ಶುಕ್ರವಾರ

ಹಳೆಯ ಎಂಬತ್ನಾಲ್ಕು ಪುಟ ಪರಿಶೀಲಿಸಿದೆ. ಎಂಬತ್ತೊಂದರಲ್ಲಿ ಸುಭದ್ರಾಬಾಯಿ ನಿಂತಿದ್ದಾಳೆ. ಉಳಿದ ಮೂರರಲ್ಲಿ ನಡೆಯುತ್ತಿದ್ದಾಳೆ.

ಫೆಬ್ರವರಿ 3, ಸೋಮವಾರ

ಏನೂ ಇಲ್ಲ. ಪೆನ್ಸಿಲ್ ಕೆತ್ತಿದೆ.

ಫೆಬ್ರವರಿ 6, ಗುರುವಾರ

ರತ್ನದೀಪನ ಫೋನು. "ಸರ, ಒಂಬತ್ತು ದಿನ ಉಳದಾವ." ಎಲ್ಲ ತಯಾರಿದೆ, ಸಣ್ಣಪುಟ್ಟ ತಿದ್ದುಪಡಿ ಎಂದೆ. ಸಣ್ಣಪುಟ್ಟ ತಿದ್ದುಪಡಿ ಎಂದರೆ ಹನ್ನೆರಡೂ ಪುಟ ಮೊದಲಿಂದ.

ನಿಂತ ಹೆಂಗಸನ್ನು ಬರೆಯುವುದು ಕೈಗೆ ಮರೆತುಹೋಗಿದೆ. ಎರಡು ದಿನ ಒದ್ದಾಡಿದೆ. ನಿಲ್ಲಿಸಿದರೆ ಬೀಳುವಂತೆ ಕಾಣುತ್ತಿದ್ದಳು. ಯಾರಾದರೂ ಎದುರಿಗೆ ನಿಂತರೆ ಆಗುತ್ತದೆಂದು ಬದರುನ್ನಿಸಾರನ್ನು ಕೇಳಿದೆ, ನಡುವಿಗೆ ಕೈ ಕೊಟ್ಟು ಐದೇ ನಿಮಿಷ ನಿಲ್ಲಿರಿ ಎಂದು.

"ನಕೋ ಭಾಯಿಸಾಬ, ನನಗ ನೂರು ಕೆಲಸ ಅವ. ಇವರಿಗಿ ನಿಲ್ಲಸ್ರಿ. ಬೀಸ ಸಾಲ ಗಂಡ ಆಗ್ಯಾರ, ಒಂದು ದಿನ ಹೆಂಡತಿ ಆಗ್ಲಿ."

ಜಹೀರೋದ್ದೀನ ಬೇಡ ಬೇಡ ಎನ್ನುತ್ತಲೇ ಬಂದರು. ಬದರುನ್ನಿಸಾ ತಮ್ಮ ಓಢಣಿಯನ್ನು ಅವರ ತಲೆಗೆ ಹೊದಿಸಿ, ಕೈ ಹಿಡಿದು ನಡುವಿಗೆ ಇಟ್ಟರು.

"ಐಸಾ ನಹೀ. ಸಿಟ್ಟಾಗ್ರಿ."

"ಸಿಟ್ಟು ಎಲ್ಲಿಂದ ತರಲಿ? ನಾ ಹೂಜಿ ಮಾಡವ."

"ನನ್ನ ಮಾರಿ ನೆನಪು ಮಾಡ್ಕೋರಿ!"

ತಕ್ಷಣ ಬಂತು ಸಿಟ್ಟು. ಗದ್ದ ಮೇಲೆದ್ದಿತು, ಎಡಗಾಲು ಮುಂದೆ ಬಂತು. ಮೀಸೆಯೊಂದನ್ನು ಬಿಟ್ಟರೆ ಥೇಟ್ ಹಾಗೇ. ಅಷ್ಟರಲ್ಲಿ ಅಂಚೆಯವನು ಬಂದು, ನೋಡಿ, ಕಾಗದ ಕೊಡದೆ ಹೋದ. ಇರಲಿ. ನಾನು ಗೆರೆ ಎಳೆದೆ. ಕುತ್ತಿಗೆ ದಪ್ಪ ಮಾಡಿದೆ. ಕೂದಲು ತುಂಬ ಕೊಟ್ಟೆ, ತುರುಬು ದೊಡ್ಡದು. ಮುಂಗೈಗೆ ಮಾಂಸ ಕೊಟ್ಟೆ. ಬಲೂನು ಇನ್ನೂ ಬರೆದಿರಲಿಲ್ಲ, ಅಷ್ಟರೊಳಗೇ ಸುಭದ್ರಾಬಾಯಿ ಅಂದಳು:

"ಕೂಲರಿನಾಗ ನೀರ ಯಾಕ ಹಾಕ್ತೀರಿ, ನಿಮ್ಮ ಬುದ್ಧಿ ಹಾಕ್ರಿ. ಅದು ಯಾವಾಗೂ ಥಂಡನೇ ಇರ್ತದ."

ಬರೆದುಕೊಂಡೆ. ಓದಿ ಹೇಳಿದೆ. ಬದರುನ್ನಿಸಾ ಬಾಗಿಲು ಹಿಡಿದುಕೊಂಡು ನಕ್ಕರು. ಓಢಣಿ ಹೊದ್ದ ಜಹೀರೋದ್ದೀನ ಮಾತ್ರ ಗಂಭೀರವಾಗಿ, "ಇದು ನನಗ ಅಂದಿದ್ದಲ್ಲ. ಇದು ಛಾಪಸ್ರಿ" ಎಂದರು.

ಫೆಬ್ರವರಿ 9, ರವಿವಾರ

ಮನೆಯಲ್ಲಿ ಕೂರಲು ಜಾಗವಿಲ್ಲ. ಭಾಲ್ಕಿಯಿಂದ ಜಿಜಾಬಾಯಿ ಬಂದಿದ್ದಾಳೆ, ಔರಾದಿನಿಂದ ಪ್ರಣಾಲಿ, ಗೋಡೆಯ ಆಚೆಯಿಂದ ಬದರುನ್ನಿಸಾ. ಮೂವರೂ ನನ್ನ ಮೇಜಿನ ಸುತ್ತ. ಯೋಗದ ಪುಟಕ್ಕೆ ಜಗಳ.

"'ಉಸಿರ ಎಳಕೊಳ್ಳೋದು ಕಲಿಲಿಕ್ಕ ಹೊಂಟೀರೇನು? ಇಷ್ಟು ವರ್ಷ ಏನ ಎಳಕೋತಿದ್ರಿ?'" ಇದು ಪ್ರಣಾಲಿಯದು.

"ಛೊಲೊ ಅದ, ಆದ್ರ ಅಕ್ಕ ಇಷ್ಟಕ್ಕ ಬಿಡ್ತಿದ್ದಿಲ್ಲ," ಎಂದಳು ಜಿಜಾಬಾಯಿ. "ಒಂದು ಹೊಡದ ಮ್ಯಾಲ ಇನ್ನೊಂದು ಹೊಡಿತಿದ್ಲು."

"'ಮೊದಲು ನಿಮ್ಮ ಗೊರಕಿ ನಿಲ್ಲಸ್ರಿ, ಗಲ್ಲಿ ಮಂದಿ ಉಸಿರ ಎಳಕೋಲಿ,'" ಎಂದರು ಬದರುನ್ನಿಸಾ. "ಗೋಡಿ ಆಚಿಗಿ ನಮಗ ಕೇಳಸ್ತದ ಭಾಯಿಸಾಬ, ಇದು ಸುಳ್ಳಲ್ಲ."

ನಾನು ಒಂದು ತಿದ್ದುಪಡಿ ಸೂಚಿಸಿದೆ. ಮೂವರೂ ಒಟ್ಟಿಗೆ ತಿರುಗಿ ನೋಡಿದರು. ನನಗೆ ಒಂದು ಮೊರದಲ್ಲಿ ತೊಗರಿಬೇಳೆ ಕೊಟ್ಟು ಹಜಾರಕ್ಕೆ ಕಳಿಸಿದರು. ಒಟ್ಟು ಹನ್ನೊಂದು ಕಲ್ಲು ಸಿಕ್ಕವು. ನನ್ನದೇ ಮೇಜು, ನನ್ನದೇ ಮನೆ, ಕೇಳುವವರಿಲ್ಲ. ಬೇಳೆ ಕಟ್ಟು ಚೆನ್ನಾಗಿ ಆಗಿತ್ತು, ಎರಡು ಸಲ ಬಡಿಸಿಕೊಂಡೆ.

ಕೊನೆಗೆ ಅವರು ಒಪ್ಪಿಕೊಂಡ ಮಾತು ಒಂದೂ ಉಳಿಯಲಿಲ್ಲ. ಸಂಜೆ ಇಂಕು ಹಾಕುವಾಗ ಸುಭದ್ರಾಬಾಯಿ ತನ್ನದೇ ಒಂದನ್ನು ಕಟ್ಟಿದಳು. ಓದಿ ಹೇಳಿದೆ. ಜಿಜಾಬಾಯಿ, "ಹಾಂ. ಇದು" ಎಂದಳು.

ಫೆಬ್ರವರಿ 12, ಬುಧವಾರ

ಕೆಲಸ ಭರದಿಂದ ಸಾಗಿದೆ, ಬರೆಯಲು ಪುರುಸೊತ್ತಿಲ್ಲ. ಒಂದೇ ತೊಂದರೆ. ಬಲೂನುಗಳು ದೊಡ್ಡವಾಗುತ್ತಿವೆ. ಚಪ್ಪಲಿಯ ಪುಟದಲ್ಲಿ ಸುಭದ್ರಾಬಾಯಿಯ ಮಾತಿಗೆ ಜಾಗ ಸಾಲದೆ ಲಗ್ನದ ಚಪ್ಪರವನ್ನು ಕಿತ್ತುಹಾಕಿದೆ. ಕಮಿಟಿಯ ಪುಟದಲ್ಲಿ ಮಾಣಿಕರಾವ ಮೊಣಕಾಲಿನವರೆಗೆ ಮಾತ್ರ ಉಳಿದಿದ್ದಾನೆ. ಬಾಗಿಲು ತೆರೆದೇ ಇರುತ್ತದೆ, ಪಕ್ಕದ ಮನೆಯ ಟಕಟಕ ಕೇಳುತ್ತಿದ್ದರೆ ಕೈ ಒಂದು ಲಯಕ್ಕೆ ಬರುತ್ತದೆ.

ಫೆಬ್ರವರಿ 14, ಶುಕ್ರವಾರ

ಮುಗಿಯಿತು. ಎಣಿಸಿದೆ. ಹದಿಮೂರು ಪುಟ ಆಗಿದೆ. ಇನ್ನೊಮ್ಮೆ ಎಣಿಸಿದೆ. ಹದಿಮೂರೇ.

ಫೆಬ್ರವರಿ 15, ಶನಿವಾರ

ಕೊಳಾರಕ್ಕೆ ಆಟೋದಲ್ಲಿ ಹೋದೆ. ಪ್ರೆಸ್ಸಿನ ಮೂಲೆಯಲ್ಲಿ ಲಗ್ನಪತ್ರಿಕೆಯ ಕಾಗದ ಆಗಲೇ ಬಂದು ಬಿದ್ದಿತ್ತು, ಗುಲಾಬಿ ಬಣ್ಣದ್ದು. ರತ್ನದೀಪ ಪುಟಗಳನ್ನು ನಿಂತೇ ಓದಿದ. ಬೋಳು ತಲೆ ಕೆಂಪಾಗುವವರೆಗೆ ನಕ್ಕ. ಮಷೀನಿನ ಹುಡುಗಿಯರನ್ನು ಕರೆದು ಓದಿ ಹೇಳಿದ. ಕೂಲರ್ ಮಾತು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಎಣಿಸಿದ.

"ಸರ, ತೊಂಬತ್ತೇಳು ಆಗ್ಯಾವ."

"ಹೌದು."

"ತೊಂಬತ್ತಾರಕ್ಕ ಆರು ಫಾರ್ಮು ಮುಗೀತದ್ರಿ. ಒಂದು ಪುಟಕ್ಕ ನಾ ಏಳನೇ ಫಾರ್ಮು ಎಲ್ಲಿಂದ ಹಚ್ಚಲಿ? ಒಂದು ತಗೀರಿ. ಇದು ತಗೀರಿ, ಇದರಾಗ ಕಥೀನೇ ಇಲ್ಲ."

ಅವನು ಎತ್ತಿಕೊಂಡದ್ದು ಕೊನೆಯ ಪುಟ. ಅದರಲ್ಲಿ ಸುಭದ್ರಾಬಾಯಿ ಭಾಲ್ಕಿಗೆ ಹೊರಟಿದ್ದಾಳೆ. ಅಡುಗೆಮನೆಯಿಂದ ಶುರುವಾದ ಮಾತು ಗಲ್ಲಿಯಲ್ಲಿ, ಆಟೋದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಂತಿಲ್ಲ. ಮಾಣಿಕರಾವ ಚೀಲ ಹೊತ್ತು ಹಿಂದಿದ್ದಾನೆ. ಕೊನೆಯ ಚೌಕದಲ್ಲಿ ಆಕೆಯ ಮುಂದಿನ ಕಾಲು ಚೌಕದ ಗೆರೆಯನ್ನು ದಾಟಿ ಖಾಲಿ ಅಂಚಿನ ಮೇಲೆ ಬಂದಿದೆ. ಮೂವತ್ನಾಲ್ಕು ವರ್ಷ ಹದ್ದುಬಸ್ತಿನ ನಕ್ಷೆ ಎಳೆದವನು ನಾನು, ಗೆರೆ ದಾಟಿಸಿದ್ದು ಇದೇ ಮೊದಲು. ಬೇಕೆಂದು ದಾಟಿಸಲಿಲ್ಲ. ಆಕೆ ನಿಲ್ಲಲಿಲ್ಲ.

"ಅದು ಇರಲಿ," ಎಂದೆ.

"ಮತ್ತ ಎರಡು ಪುಟ ಕೂಡಿಸಿ ಒಂದು ಮಾಡ್ರಿ. ಸುಭದ್ರಾಬಾಯಿ ಒಂದು ನಾಕು ಬಲೂನ ಸುಮ್ಮನಿದ್ರ ಬರೋಬರಿ ತೊಂಬತ್ತಾರು ಕುಂದರ್ತದ. ಇವತ್ತೇ ಪ್ಲೇಟ್ ಹಚ್ಚತೀನಿ, ಮುಂದಿನ ವಾರ ಬುಕ್ ನಿಮ್ಮ ಕೈಯಾಗ."

ಕೆಂಪು ಪೆನ್ಸಿಲ್ ಕೊಟ್ಟ. ಹಿಡಿದುಕೊಂಡು ಮೊದಲಿಂದ ಕೊನೆಯವರೆಗೆ ಓದಿದೆ. ಅರ್ಧ ತಾಸು ಆಗಿರಬೇಕು. ಎಲ್ಲಿಯೂ ಪೆನ್ಸಿಲ್ ಇಳಿಯಲಿಲ್ಲ.

"ಆಕಿಗಿ ಸುಮ್ಮನಿರು ಅನ್ನಲಿಕ್ಕಾಗಲ್ಲೋ ರತ್ನದೀಪ," ಎಂದೆ.

"ಹಂಗಾದ್ರ ಏಳು ಫಾರ್ಮು. ನೂರಾ ಹನ್ನೆರಡು ಪುಟ. ಇನ್ನಾ ಹದಿನೈದು ಬೇಕು. ಮಷೀನ ಯುಗಾದಿ ಆದ ಮ್ಯಾಲನೇ. ಮನ್ಯಾಗ ಎಲ್ಲಾರಿಗೂ ಏನ ಹೇಳ್ತೀರಿ?"

"ಹದಿನೈದು ಬೇಕಂತ ಹೇಳ್ತೀನಿ."

ಅವನು ತಲೆ ಒರೆಸಿಕೊಂಡು ಗುಲಾಬಿ ಕಾಗದದ ಕಡೆ ಹೋದ. ನಾನು ಪುಟಗಳನ್ನು ಕಟ್ಟಿಕೊಂಡು ಹೊರಟೆ. ಆಟೋ ಸಿಗಲಿಲ್ಲ, ನಡೆದೆ. ನಮ್ಮ ಪುಸ್ತಕಕ್ಕೆ ಇದೇ ಒಳ್ಳೆಯದು, ಅವಸರದ ಕೆಲಸ ಚೆನ್ನಾಗಿರುವುದಿಲ್ಲ. ನೌಬಾದಿಗೆ ಬರುವಷ್ಟರಲ್ಲಿ ಮೂರು ಪುಟಕ್ಕೆ ಸಾಮಗ್ರಿ ಸಿಕ್ಕಿತು. ಒಂದರಲ್ಲಂತೂ ಮಾಣಿಕರಾವ ಪ್ರೆಸ್ಸಿಗೆ ಹೋಗಿ ವಾಪಸು ಬರುತ್ತಾನೆ.

ಕೂತು ಚೌಕ ಎಳೆದಾಗಿದೆ. ಸುಭದ್ರಾಬಾಯಿಯ ಮಾತಿಗೆ ಚಿಂತೆಯಿಲ್ಲ. ಮಾಣಿಕರಾವನಿಗೂ ಪುಟಕ್ಕೊಂದು ಬಲೂನಾದರೂ ಉಳಿಸಬೇಕು, ಪಾಪ. ಅದೇ ಈಗ ಕಷ್ಟದ ಕೆಲಸ.